ತಂಗಿಯ ಸರದಿ

ಸೆಪ್ಟೆಂಬರ್ ತಿಂಗಳ ಒಂದು ಬೆಳಗ್ಗೆ, ಅಮೆರಿಕದ ಮುಕಿಲ್ಟಿಯೊ ಎಂಬ ಊರಿನ ಮನೆಯಲ್ಲಿ ವಿಶಾಲಾಕ್ಷಿ ಬಸ್ಸಾರಿಗೆ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಮೈಸೂರಿನಿಂದ ನಾದಿನಿ ವಿಜಯಾಳ ಫೋನು ಬಂತು.

"ಅತ್ತಿಗೆ, ನನ್ನ ಸರದಿ ಬಂತು! ವೀಸಾ ಆಫೀಸಿಂದ ಈ-ಮೇಲ್ ಬಂದಿದೆ. ನನ್ನನ್ನ ಅಲ್ಲಿಗೆ ಕರೆಸ್ಕೊಳ್ಳೋಕೆ ಅಣ್ಣ ಅರ್ಜಿ ಹಾಕಿ ಹದಿನಾಲ್ಕು ವರ್ಷ ಆಯ್ತಲ್ಲ, ನಾನಂತೂ ಮರ್ತೇಬಿಟ್ಟಿದ್ದೆ."

"ನಾನು ಮರ್ತಿರಲಿಲ್ಲ ಕಣೇ." ವಿಶಾಲಾಕ್ಷಿ ಕೈಯಲ್ಲಿದ್ದ ಸೊಪ್ಪನ್ನು ಕಡ್ಡಿ ಸಮೇತ ಪಾತ್ರೆಗೆ ಹಾಕಿಬಿಟ್ಟರು. "ಯಾವಾಗ ಬರ್ತೀಯ, ಅದನ್ನ ಹೇಳು."

"ಮುಂಬೈಗೆ ಹೋಗಿ ಇಂಟರ್‌ವ್ಯೂ ಕೊಡ್ಬೇಕು. ಅದಕ್ಕೆ ಮೊದಲು ಅಣ್ಣ ಒಂದು ಫಾರಂಗೆ ಸೈನ್ ಮಾಡಿ ಕಳಿಸ್ಬೇಕಂತೆ, ಇವಳ ಜವಾಬ್ದಾರಿ ನನ್ನದು ಅಂತ. ಅಷ್ಟೇ ಬಾಕಿ."

ವಿಶಾಲಾಕ್ಷಿಗೆ ಅರವತ್ತಾರು. ಮೂರು ವರ್ಷದಿಂದ ಅವರ ಎರಡೂ ಕಣ್ಣಿನ ನಡುವಿನ ನೋಟ ಸವೆಯುತ್ತ ಬಂದಿತ್ತು. ಎದುರಿಗೆ ಯಾರಾದರೂ ನಿಂತರೆ ಹೆಗಲು ಕಾಣುತ್ತಿತ್ತು, ಕೈ ಕಾಣುತ್ತಿತ್ತು, ಮುಖದ ಜಾಗದಲ್ಲಿ ಮಾತ್ರ ಬೂದು ಬಣ್ಣದ ಮಬ್ಬು. ಇದಕ್ಕೆ ಔಷಧಿಯಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಕಾರು ಓಡಿಸುವುದು ನಿಂತಿತು, ಓದುವುದು ನಿಂತಿತು. ಡಬ್ಬಿಗಳನ್ನು ಮುಟ್ಟಿ, ಮೂಸಿ ಅಡುಗೆ ಮಾಡುತ್ತಿದ್ದರು. ಒಂದೊಂದು ದಿನ ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು.

ವಿಜಯಾ ಅವರಿಗೆ ಬರೀ ನಾದಿನಿಯಲ್ಲ. ಮದುವೆಯಾದ ಹೊಸದರಲ್ಲಿ ಅಮೆರಿಕಕ್ಕೆ ಹೋಗಿದ್ದ ಗಂಡನಿಗೆ ಇನ್ನೂ ಕೆಲಸ ಸಿಕ್ಕಿರಲಿಲ್ಲವಾದ್ದರಿಂದ ವಿಶಾಲಾಕ್ಷಿ ಎರಡು ವರ್ಷ ಅತ್ತೆಯ ಮನೆಯಲ್ಲೇ ಕಾದಿದ್ದರು. ಆಗ ಹದಿನೆಂಟರ ವಿಜಯಾ ಜೊತೆ ಒಂದೇ ಮಂಚ, ಒಂದೇ ಕನ್ನಡಿ. ಆಮೇಲೆ ವಿಜಯಾ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದಳು, ಮದುವೆಯಾಗಲಿಲ್ಲ, ನಿವೃತ್ತಳಾಗಿ ಸರಸ್ವತೀಪುರಂನ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು.

ಆ ದಿನ ಊಟಕ್ಕೆ ಕೂತಾಗ ವಿಶಾಲಾಕ್ಷಿ ಗಂಡನಿಗೆ ವಿಷಯ ಹೇಳಿದರು. ಗೋವಿಂದರಾಜು ಟಿವಿಯ ಸದ್ದು ಕಡಿಮೆ ಮಾಡಲಿಲ್ಲ. ಅವರಿಗೆ ಎಪ್ಪತ್ತೆರಡು. ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ರೆಕ್ಕೆಗಳ ಬಲದ ಲೆಕ್ಕ ಮಾಡಿ ನಿವೃತ್ತರಾದವರು. ಈಚೆಗೆ ಟಿವಿ, ಅದು ಬಿಟ್ಟರೆ ಟ್ಯಾಬ್ಲೆಟ್‌ನಲ್ಲಿ ವಿಡಿಯೊ. ಯಾರೋ ಭೂಪಟ ತೋರಿಸಿ, ವಲಸೆ ಬಂದವರಿಂದ ಯೂರೋಪು ಇಷ್ಟು ವರ್ಷದಲ್ಲಿ ಮುಗಿಯುತ್ತದೆ, ಆಮೇಲೆ ಅಮೆರಿಕದ ಸರದಿ ಎಂದು ಹೇಳುತ್ತಿರುತ್ತಿದ್ದ.

"ಅವಳು ಇಲ್ಲಿಗೆ ಬಂದು ಏನು ಮಾಡ್ತಾಳೆ?" ಎಂದರು ಗೋವಿಂದರಾಜು.

"ನನ್ನ ಜೊತೆ ಇರ್ತಾಳೆ."

"ಈ ವಯಸ್ಸಲ್ಲಿ ಬಂದು ಇಲ್ಲಿ ಒಂದು ದಿನ ಕೆಲಸ ಮಾಡದೆ, ಒಂದು ಡಾಲರ್ ಟ್ಯಾಕ್ಸ್ ಕಟ್ಟದೆ ಇರೋದು. ಹೀಗೇ ಒಬ್ಬರ ಹಿಂದೆ ಒಬ್ಬರು. ಇದಕ್ಕೇ ಚೈನ್ ಅನ್ನೋದು ಇಲ್ಲಿನವರು."

"ಅವಳಿಗೆ ಪೆನ್ಷನ್ ಬರುತ್ತೆ ಕಣ್ರೀ. ಇನ್ನೆರಡು ತುತ್ತು ಮುದ್ದೆ ಹಾಕ್ಲಾ?"

"ಹಾಕು. ಸೈನ್ ವಿಷಯ ಯೋಚನೆ ಮಾಡೋಣ."

ವಿಶಾಲಾಕ್ಷಿ ಅದನ್ನು ಒಪ್ಪಿಗೆ ಎಂದೇ ತಿಳಿದರು. ಮಾರನೆಯ ದಿನವೇ ಕೆಳಗಿನ ಕೋಣೆಯ ಪರದೆ ತೆಗೆದು ಒಗೆಯಲು ಹಾಕಿದರು. ಕಪಾಟಿನಲ್ಲಿದ್ದ ಗಂಡನ ಹಳೆಯ ಕಡತಗಳನ್ನು ಒಂದೊಂದಾಗಿ ತಡವಿ ಪೆಟ್ಟಿಗೆಗೆ ತುಂಬಿದರು. ವಾರದೊಳಗೆ ಕೋಣೆಯಲ್ಲಿ ಮಂಚಕ್ಕೆ ಜಾಗವಾಯಿತು.

*

ಮಗ ಸುಮುಖ್ ಹತ್ತಿರದ ನಗರದ ಡೆನ್ನಿ ಟ್ರಯಾಂಗಲ್ ಎಂಬಲ್ಲಿನ ಒಂದು ಕಂಪನಿಯಲ್ಲಿದ್ದ. ಸಂಸಾರ ಬೆಲ್‌ವ್ಯೂನ ಕ್ರಾಸ್‌ರೋಡ್ಸ್ ಬಡಾವಣೆಯಲ್ಲಿ. ಹೆಂಡತಿ ಮೈತ್ರಿ ಮೈಸೂರಿನ ಹುಡುಗಿ, ಮದುವೆಯಾಗಿ ಬಂದವಳು. ಮಗಳು ಗ್ರೀಷ್ಮಾಗೆ ಒಂಬತ್ತು ವರ್ಷ. ತಿಂಗಳಿಗೆ ಎರಡು ಭಾನುವಾರ ಮೂವರೂ ಊಟಕ್ಕೆ ಬರುತ್ತಿದ್ದರು.

ಆ ಭಾನುವಾರ ಮೈತ್ರಿ ಚಿತ್ರಾನ್ನ ಮಾಡಿಕೊಂಡು ಬಂದಿದ್ದಳು. ವಿಶಾಲಾಕ್ಷಿ ಕೋಳಿ ಸಾರು ಮಾಡಿದ್ದರು. ಬಡಿಸಿಯಾದ ಮೇಲೆ ಸುಮುಖ್ ಕೇಳಿದ, "ಅಪ್ಪ, ವಿಜಯತ್ತೆ ಫಾರಂ ಏನಾಯ್ತು? ನಾನು ಫಿಲ್ ಮಾಡ್ಕೊಡ್ಲಾ?"

"ನಾನು ಮಾಡಲ್ಲ," ಎಂದರು ಗೋವಿಂದರಾಜು.

"ಬ್ಯುಸಿ ಅಂತಾನಾ?"

"ಅಲ್ಲ. ಸೈನ್ ಮಾಡಲ್ಲ ಅಂತ."

ವಿಶಾಲಾಕ್ಷಿ ಸೌಟನ್ನು ಪಾತ್ರೆಯಲ್ಲೇ ಬಿಟ್ಟರು.

"ನೋಡು ಸುಮುಖ್, ಇದು ನನ್ನ ತಂಗಿ ಮೇಲಿನ ಕೋಪ ಅಲ್ಲ. ನಾನು ಈ ದೇಶಕ್ಕೆ ಬಂದಾಗ ಹೇಗಿತ್ತು ಗೊತ್ತಾ? ಅಲ್ಲಿ ಪಾಸ್‌ಪೋರ್ಟಿಗೆ ಒಂದು ಸೀಲ್ ಬೇಕು ಅಂದ್ರೆ ನಮ್ಮಪ್ಪ ಗುಮಾಸ್ತನ ಮನೆಗೆ ಬಾಳೆಗೊನೆ ಹೊತ್ಕೊಂಡು ಹೋಗಿದ್ರು. ಇಲ್ಲಿ ಇಳಿದ ಮೊದಲನೇ ವಾರ ಲೈಬ್ರರಿಲಿ ಒಬ್ಬಳು ನನ್ನ ಹೆಸರು ಕೇಳಿ, ಐದು ಪುಸ್ತಕ ಕೈಲಿಟ್ಟು, ಹೋಗಿ ಬನ್ನಿ ಅಂದ್ಲು. ಜಾಮೀನಿಲ್ಲ, ಲಂಚ ಇಲ್ಲ. ಈ ದೇಶ ನಿಂತಿರೋದೇ ಆ ನಂಬಿಕೆ ಮೇಲೆ. ಎಲ್ಲಾರೂ ಅವರವರ ಊರನ್ನ ಹೊತ್ಕೊಂಡು ಇಲ್ಲಿ ಬಂದು ಇಳಿಸಿದ್ರೆ ಅದು ಉಳಿಯುತ್ತಾ? ವಿಮಾನದ ರೆಕ್ಕೆಯ ಒಂದು ಮೊಳೆಯ ಪಕ್ಕ ಕೂದಲೆಳೆಯಷ್ಟು ಬಿರುಕು ಬಂದ್ರೆ ಸಾಕು, ಒಂದು ದಿನ ರೆಕ್ಕೆನೇ ಮುರಿಯುತ್ತೆ. ಮೊದಲು ಯಾರಿಗೂ ಕಾಣಲ್ಲ."

"ವಿಜಯತ್ತೆ ಬಿರುಕಾ?" ಎಂದ ಸುಮುಖ್.

"ನಾನು ತತ್ವದ ಮಾತಾಡ್ತಿದೀನಿ."

ಮೈತ್ರಿ ತಟ್ಟೆಯಿಂದ ತಲೆಯೆತ್ತಿದಳು. "ಮಾವ, ನಾನೂ ಸುಮುಖ್‌ನ ಮದುವೆ ಆಗಿ ಬಂದವಳೇ. ನಾನೂ ಅದೇ ಚೈನ್ ತಾನೆ?"

"ನೀನು ಬೇರೆ ಕಣಮ್ಮ. ಓದಿದೀಯ, ಕೆಲಸ ಮಾಡ್ತೀಯ."

"ನಾನು?" ಎಂದರು ವಿಶಾಲಾಕ್ಷಿ. ಇಷ್ಟು ಹೊತ್ತೂ ಅವರು ನಿಂತೇ ಇದ್ದರು. "ನಾನು ಬರೀ ಪಿಯುಸಿ. ಬಂದು ಒಂದು ದಿನ ಕೆಲಸ ಮಾಡ್ಲಿಲ್ಲ, ಮಾಡಿದ್ದೆಲ್ಲ ಈ ಒಲೆ ಮುಂದೆ. ನೀವು ಸೈನ್ ಮಾಡಿ ಕರೆಸ್ಕೊಂಡ್ರಿ. ಆವತ್ತು ನಿಮ್ಮ ದೇಶಕ್ಕೆ ಎಷ್ಟು ಬಿರುಕು ಬಿತ್ತು ರೀ?"

ಗೋವಿಂದರಾಜು ಸಾರನ್ನು ಅನ್ನಕ್ಕೆ ಕಲಸಿದರು. ಗ್ರೀಷ್ಮಾ ತಾತನ ಮುಖವನ್ನೂ ಅಪ್ಪನ ಮುಖವನ್ನೂ ನೋಡಿ, ತಾನು ಟಿವಿ ನೋಡಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಬೇಡ," ಎಂದು ಮೂವರು ಒಟ್ಟಿಗೇ ಹೇಳಿದರು.

*

ಅಪ್ಪನ ಬದಲು ತಾನೇ ಸಹಿ ಮಾಡಿದರಾಯಿತು ಎಂದು ಸುಮುಖ್ ಅಂದುಕೊಂಡಿದ್ದ. ಮೈತ್ರಿ ಒಂದು ಮಧ್ಯಾಹ್ನ ರಜೆ ಹಾಕಿ ಅತ್ತೆಯನ್ನು ಬೆಲ್‌ವ್ಯೂನ ವಕೀಲೆಯೊಬ್ಬಳ ಹತ್ತಿರ ಕರೆದುಕೊಂಡು ಹೋದಳು. ವಕೀಲೆ ಕೇಳಿಸಿಕೊಂಡು ತಲೆಯಾಡಿಸಿದಳು. ಮಗ ಜೊತೆಗೆ ಸಹಿ ಹಾಕಬಹುದು, ಆದರೆ ಅರ್ಜಿ ಹಾಕಿದವರು ಸಹಿ ಮಾಡಲೇಬೇಕು, ಅವರ ಬದಲಿಗೆ ಬೇರೆ ಯಾರೂ ಆಗುವುದಿಲ್ಲ ಎಂದಳು. ಅವಸರವಿಲ್ಲ, ವರ್ಷದೊಳಗೆ ಕಳಿಸಿದರೆ ಸಾಕು, ಮನೆಯಲ್ಲಿ ಮಾತಾಡಿ ಎಂದೂ ಹೇಳಿದಳು.

ವಾಪಸು ಬರುವಾಗ ಕ್ರಾಸ್‌ರೋಡ್ಸ್‌ನ ಮಾಲ್‌ನಲ್ಲಿ ಕಾಫಿಗೆ ಕೂತರು. ಸುತ್ತ ಮೇಜುಗಳಲ್ಲಿ ತೆಲುಗು, ರಷ್ಯನ್, ಚೀನೀ ಮಾತು. ವಿಶಾಲಾಕ್ಷಿಗೆ ಮುಖಗಳು ಕಾಣುತ್ತಿರಲಿಲ್ಲ, ದನಿಗಳ ಕಡೆ ಕಿವಿ ಕೊಟ್ಟು ಕೂತರು.

"ನಿಮ್ಮ ಮಾವ ಇಲ್ಲಿಗೆ ಬಂದ್ರೆ ಹೆದರ್ಕೋತಾರೆ," ಎಂದರು. "ಹೋದ ಸಲ ಬಂದಾಗ, ಇಲ್ಲಿ ಇಂಗ್ಲಿಷೇ ಕೇಳಿಸ್ತಿಲ್ಲ ಅಂತ ಕಾರಿಂದ ಇಳೀಲಿಲ್ಲ."

"ನೀವು ಹೆದರ್ಕೊಳ್ಳಲ್ವಾ ಅತ್ತೆ?"

"ನನಗೆ ಮನೇಲೇ ಭಯ ಆಗೋದು ಕಣೆ. ಮೊನ್ನೆ ಒಲೆ ಆರಿಸೋದು ಮರ್ತೆ, ಬಟ್ಟೆ ಅಂಚು ಸುಟ್ಟೋಯ್ತು. ಅವರು ಪಕ್ಕದ ರೂಮಲ್ಲೇ ಇದ್ರು. ಟಿವೀಲಿ ಯಾವುದೋ ಊರು ಹೊತ್ತಿ ಉರೀತಿತ್ತು, ಅದನ್ನ ನೋಡ್ತಿದ್ರು."

ಮೈತ್ರಿ ಕಾಫಿಯ ಲೋಟವನ್ನು ಅತ್ತೆಯ ಕೈಗೆ ಸಿಗುವಂತೆ ಹತ್ತಿರ ಸರಿಸಿದಳು.

*

ದೋಣಿ ನಿಲ್ದಾಣದ ಹತ್ತಿರ ಒಂದು ಡೋನಟ್ ಅಂಗಡಿಯಿತ್ತು. ಗುರುವಾರಗಳಂದು ಕಾರ್ಖಾನೆಯ ಹಳಬರು ನಾಲ್ಕೈದು ಮಂದಿ ಅಲ್ಲಿ ಸೇರುತ್ತಿದ್ದರು. ಅವರಿಗೆ ಗೋವಿಂದರಾಜು 'ರಾಜ್'. ವೆಂಡೆಲ್ ಎಂಬಾತ ಇವರ ಜೊತೆ ಇಪ್ಪತ್ತು ವರ್ಷ ಪಕ್ಕದ ಮೇಜಿನಲ್ಲಿದ್ದವನು, ಭೂಪಟದ ವಿಡಿಯೊಗಳನ್ನು ಇವರಿಗೆ ಮೊದಲು ಕಳಿಸಿದವನೂ ಅವನೇ. ನಮ್ಮ ಮೊಮ್ಮಕ್ಕಳ ಕಾಲಕ್ಕೆ ಈ ದೇಶದ ಗುರುತು ಸಿಗುವುದಿಲ್ಲ ಎಂದು ಅವನು ಪ್ರತಿ ವಾರ ಹೇಳುತ್ತಿದ್ದ, ಗೋವಿಂದರಾಜು ಪ್ರತಿ ವಾರ ಹೌದೆನ್ನುತ್ತಿದ್ದರು.

ಅಕ್ಟೋಬರಿನ ಒಂದು ಗುರುವಾರ ಗೋವಿಂದರಾಜು ತಂಗಿಯ ಅರ್ಜಿಯ ವಿಷಯ ತೆಗೆದರು. ಸಹಿ ಮಾಡಲು ತಾನು ಒಪ್ಪಿಲ್ಲವೆಂದರು. ಗೆಳೆಯರು ಮೆಚ್ಚುತ್ತಾರೆಂದು ಎಣಿಸಿದ್ದರು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅದು ನಿನ್ನ ತಂಗಿಯಲ್ಲವೇನಯ್ಯ?" ಎಂದ ವೆಂಡೆಲ್ ಕೊನೆಗೆ.

"ತಂಗಿ. ಆದರೆ ನಾವು ಹೇಳೋದು ಇದನ್ನೇ ಅಲ್ಲವೇ?"

"ನಾನು ಹೇಳುವುದು ಗುರುತು ಪರಿಚಯವಿಲ್ಲದವರ ಬಗ್ಗೆ. ಸ್ವಂತ ತಂಗಿ ಅಂದರೆ ಬೇರೆ. ನಾನಾಗಿದ್ದರೆ ಕಣ್ಣು ಮುಚ್ಚಿ ಸಹಿ ಮಾಡುತ್ತಿದ್ದೆ. ಮಾಡಿಬಿಡು ರಾಜ್, ನಾವ್ಯಾರೂ ಏನೂ ಅಂದುಕೊಳ್ಳುವುದಿಲ್ಲ." ಅವನು ಇವರ ಬೆನ್ನು ತಟ್ಟಿದ.

ಗೋವಿಂದರಾಜು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ತನಗೆ ಮಾತ್ರ ವಿನಾಯಿತಿ ಕೊಡುವಂತೆ ಆಡಿದ ಆ ಮಾತು ದಾರಿಯುದ್ದಕ್ಕೂ ಕುಟುಕಿತು. ಬೇರೆಯವರಿಗೊಂದು ನಿಯಮ, ತನಗೊಂದು ನಿಯಮ ಎನ್ನುವ ಮನುಷ್ಯ ತಾನಲ್ಲ ಎಂದುಕೊಂಡರು. ಮನೆಗೆ ಬಂದವರೇ ಕಂಪ್ಯೂಟರಿನ ಮುಂದೆ ಕೂತು ಅರ್ಜಿಯನ್ನೇ ವಾಪಸು ಪಡೆಯುವುದಾಗಿ ಬರೆದು, ಸಹಿ ಹಾಕಿ, ತಾವೇ ಹೋಗಿ ಅಂಚೆಗೆ ಹಾಕಿ ಬಂದರು.

ಮಾರನೆಯ ಬೆಳಗ್ಗೆ ಉಪ್ಪಿಟ್ಟು ತಿನ್ನುತ್ತ ಹೆಂಡತಿಗೆ ಹೇಳಿದರು.

"ವಾಪಸ್ ಅಂದ್ರೆ?"

"ಅರ್ಜಿನೇ ಇಲ್ಲ ಅಂತ."

"ಮತ್ತೆ ಹಾಕ್ಬಹುದಾ?"

"ಹಾಕ್ಬಹುದು. ಮತ್ತೆ ಮೊದಲಿಂದ ಸಾಲಲ್ಲಿ ನಿಲ್ಬೇಕು."

"ಇನ್ನು ಹದಿನಾಲ್ಕು ವರ್ಷ." ವಿಶಾಲಾಕ್ಷಿ ಗಂಡನ ಕಡೆಗೆ ಮುಖ ತಿರುಗಿಸಿದರು. "ನಿಮ್ಮ ಮುಖ ಹೇಗಿದೆಯೋ ನನಗೆ ಕಾಣಲ್ಲ. ನಿಜ ಹೇಳಿ, ಬೇಜಾರಾದ್ರೂ ಆಗಿದೆಯಾ?"

"ಸರಿ ಅನ್ಸಿದ್ದನ್ನ ಮಾಡಿದೀನಿ."

"ಹಾಗಾದ್ರೆ ನೀವೇ ಅವಳಿಗೆ ಫೋನ್ ಮಾಡಿ ಹೇಳಿ. ನನ್ನ ಕೈಲಾಗಲ್ಲ."

ಗೋವಿಂದರಾಜು ಫೋನ್ ಮಾಡಲಿಲ್ಲ. ಇವತ್ತು, ನಾಳೆ ಎಂದು ಹತ್ತು ದಿನ ಕಳೆಯಿತು. ಕೊನೆಗೆ ವಿಜಯಾಳೇ ಮಾಡಿದಳು.

"ಅತ್ತಿಗೆ, ಸ್ಕೂಟರ್ ಮಾರ್ದೆ. ಜನವರಿಗೆ ಮನೆ ಬಿಡ್ತೀನಿ ಅಂತ ಓನರ್‌ಗೂ ಹೇಳಿದೀನಿ. ಬರುವಾಗ ನಿಮಗೆ ಏನು ತರ್ಲಿ? ಹುರಳಿಕಾಳು ಬಿಡ್ತಾರಾ ಅಲ್ಲಿ?"

ವಿಶಾಲಾಕ್ಷಿಗೆ ಹೇಳದೆ ಬೇರೆ ದಾರಿಯಿರಲಿಲ್ಲ. ಹೇಳಿ ಮುಗಿಸಿದರು. ಲೈನ್ ಹೋಯಿತೇನೋ ಎಂದು ಇವರು "ವಿಜೀ, ವಿಜೀ" ಎಂದರು.

"ಇದೀನಿ ಅತ್ತಿಗೆ. ಅಣ್ಣನಿಗೆ ಏನೂ ಅನ್ನಬೇಡಿ. ಓನರ್ ಒಳ್ಳೆಯವರು, ಕೇಳಿದ್ರೆ ಇರು ಅಂತಾರೆ. ಸ್ಕೂಟರ್ ಓಡಿಸೋ ವಯಸ್ಸೂ ಅಲ್ಲ ನಂದು." ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ನಾನು ಏನಾದ್ರೂ ತಪ್ಪು ಮಾಡಿದೀನಾ ಅತ್ತಿಗೆ? ಅವನಿಗೆ ಬೇಜಾರಾಗೋ ಹಾಗೆ?"

ವಿಶಾಲಾಕ್ಷಿ ಅವತ್ತು ಅಡುಗೆ ಮಾಡಲಿಲ್ಲ. ಗೋವಿಂದರಾಜು ಬ್ರೆಡ್ಡಿಗೆ ಜಾಮ್ ಹಚ್ಚಿ ತಿಂದು, ಹೆಂಡತಿಗೂ ಎರಡು ತುಂಡು ತಟ್ಟೆಯಲ್ಲಿಟ್ಟರು. ಸಂಜೆ ನೋಡಿದಾಗ ಅವು ಒಣಗಿ ಹಾಗೇ ಇದ್ದವು.

*

ವಿಷಯ ತಿಳಿದ ಸುಮುಖ್ ಫೋನಿನಲ್ಲೇ ಕೂಗಾಡಿದ. ಆಮೇಲೆ ಭಾನುವಾರಗಳಂದು ಬರುವುದನ್ನೇ ನಿಲ್ಲಿಸಿದ. ಮೈತ್ರಿ ಮಾತ್ರ ಗ್ರೀಷ್ಮಾಳನ್ನು ಕರೆದುಕೊಂಡು ಬಂದು, ವಾರಕ್ಕಾಗುವಷ್ಟು ಪಲ್ಯ, ಹುಳಿ ಮಾಡಿ ಫ್ರಿಜ್ಜಿನಲ್ಲಿಟ್ಟು ಹೋಗುತ್ತಿದ್ದಳು. ಮನೆಯಲ್ಲಿ ಗಂಡ ಹೆಂಡತಿಯ ನಡುವೆ ಜಗಳವಿರಲಿಲ್ಲ. "ಊಟ ಆಗಿದೆ", "ಮಾತ್ರೆ ತಗೊಂಡ್ರಾ", "ಕಸದ ಡಬ್ಬಿ ಹೊರಗಿಡಬೇಕು", ಇಷ್ಟೇ ಮಾತು. ಗೋವಿಂದರಾಜು ಒಂದೆರಡು ಸಲ ತಾವಾಗಿಯೇ ಪಾತ್ರೆ ತೊಳೆದರು. ವಿಶಾಲಾಕ್ಷಿ ಅದನ್ನು ಗಮನಿಸಿದರೋ ಇಲ್ಲವೋ ತಿಳಿಯಲಿಲ್ಲ.

ಜನವರಿಯಲ್ಲಿ ಮೈತ್ರಿ ಬಂದಿದ್ದ ಒಂದು ದಿನ, ಬಟಾಣಿ ಸುಲಿಯುತ್ತ ಮೂವರೂ ಮೇಜಿನ ಸುತ್ತ ಕೂತಿದ್ದಾಗ ವಿಶಾಲಾಕ್ಷಿ ಹೇಳಿದರು, "ನಾನು ಮೈಸೂರಿಗೆ ಹೋಗ್ತೀನಿ."

"ಹೋಗಿ ಬಾ. ಒಂದು ತಿಂಗಳು ಇದ್ದು ಬಾ," ಎಂದರು ಗೋವಿಂದರಾಜು. ಇಷ್ಟು ದಿನಕ್ಕೆ ಹೆಂಡತಿ ಏನೋ ಕೇಳಿದಳಲ್ಲ ಎಂದು ಅವರಿಗೆ ಸಮಾಧಾನವಾಗಿತ್ತು.

"ಇರೋಕೆ ಹೋಗ್ತೀನಿ ರೀ. ಅವಳು ಬರೋ ಹಾಗಿಲ್ಲ, ನಾನು ಹೋಗಬಹುದಲ್ಲ. ನನ್ನ ಹತ್ರ ಇಂಡಿಯಾ ಸರ್ಕಾರದ ಕಾರ್ಡ್ ಇದೆ, ವೀಸಾ ಬೇಡ, ಎಷ್ಟು ವರ್ಷ ಬೇಕಾದ್ರೂ ಇರಬಹುದಂತೆ."

"ಹುಚ್ಚಾ ನಿಂಗೆ? ಕಣ್ಣು ಕಾಣಲ್ಲ, ಅಲ್ಲಿ ಫುಟ್‌ಪಾತ್ ಇಲ್ಲ, ಡಾಕ್ಟರು..."

"ಡಾಕ್ಟರು ಇಲ್ಲೂ ಏನೂ ಮಾಡಕ್ಕಾಗಲ್ಲ ಅಂದಿದಾರೆ. ಅಲ್ಲಿ ಕೈ ಹಿಡ್ಕೊಂಡು ನಡೆಸೋರು ಇದಾರೆ."

"ನಾನಿಲ್ವಾ?"

ವಿಶಾಲಾಕ್ಷಿ ಬಟಾಣಿಯ ಬಟ್ಟಲನ್ನು ಕೈಯಿಂದ ತಡವಿ ಸೊಸೆಯ ಕಡೆ ಸರಿಸಿದರು. "ನೀವು ಇದ್ದೀರಿ. ಆದ್ರೆ ನಿಮ್ಮ ಭಯದ ಜೊತೆ ಇದ್ದೀರಿ. ಮೂರು ವರ್ಷದಿಂದ ಅದರ ಜೊತೆಗೇ ಊಟ ಮಾಡ್ತೀರಿ. ಈ ಮನೇಲಿ ನಾನೊಬ್ಬಳೇ ಅನ್ಸಿಬಿಟ್ಟಿದೆ. ಬೈತಾ ಇಲ್ಲ ನಾನು. ಸುಸ್ತಾಗಿದೆ."

"ಮಾವ," ಎಂದಳು ಮೈತ್ರಿ ಮೆಲ್ಲಗೆ, "ಫೆಬ್ರವರೀಲಿ ಗ್ರೀಷ್ಮಾಗೆ ಒಂದು ವಾರ ರಜೆ ಇದೆ. ಅತ್ತೇನ ನಾನೇ ಮೈಸೂರಿಗೆ ಬಿಟ್ಟು ಬರ್ತೀನಿ."

ಆಗಲೇ ಇಬ್ಬರೂ ಮಾತಾಡಿಕೊಂಡಿದ್ದಾರೆ ಎಂದು ಗೋವಿಂದರಾಜುಗೆ ಅರ್ಥವಾಯಿತು. ಅವರು ಎದ್ದುಹೋಗಿ ಟಿವಿ ಹಾಕಿದರು. ಐದು ನಿಮಿಷದಲ್ಲಿ ಆರಿಸಿ, ಮತ್ತೆ ಬಂದು ಬಟಾಣಿ ಸುಲಿಯಲು ಕೂತರು.

ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ಸುಮುಖ್ ಕೂಡ ಬಂದಿದ್ದ. ಅಪ್ಪನ ಜೊತೆ ಮಾತಾಡಲಿಲ್ಲ, ಸೂಟ್‌ಕೇಸುಗಳನ್ನು ಮಾತ್ರ ಇಬ್ಬರೂ ಸೇರಿ ಇಳಿಸಿದರು. ಗಾಲಿಕುರ್ಚಿ ತಳ್ಳುವ ಹುಡುಗಿ ಮೈತ್ರಿಯ ಜೊತೆ ಕಾಯುತ್ತಿದ್ದಳು. ವಿಶಾಲಾಕ್ಷಿ ಗಂಡನ ಕೋಟಿನ ತೋಳನ್ನು ಹುಡುಕಿ ಹಿಡಿದರು.

"ಬಿಪಿ ಮಾತ್ರೆ ಬಿಳಿ ಡಬ್ಬೀಲಿದೆ. ಬೆಳಗ್ಗೆ ಒಂದೇ. ಮರೀಬೇಡಿ."

"ಹೂಂ."

"ಅನ್ನಕ್ಕೆ ನೀರು ಜಾಸ್ತಿ ಇಡಬೇಡಿ."

"ಹೂಂ."

"ಬರ್ತೀನಿ," ಎಂದರು ವಿಶಾಲಾಕ್ಷಿ. ಗೋವಿಂದರಾಜು ಹೆಂಡತಿಯ ಶಾಲು ಸರಿಮಾಡಲು ಕೈ ಚಾಚಿದರು. ಅಷ್ಟರಲ್ಲಿ ಕುರ್ಚಿ ಮುಂದೆ ಹೋಗಿತ್ತು.

*

ಮಾರ್ಚ್, ಏಪ್ರಿಲ್ ಕಳೆದವು. ಗೋವಿಂದರಾಜು ಅನ್ನ ಮಾಡುವುದನ್ನು ಕಲಿತರು, ಬೇಳೆ ಬೇಯಿಸುವುದನ್ನು ಕಲಿತರು. ಮುದ್ದೆ ಮಾತ್ರ ಗಂಟುಗಂಟಾಗುತ್ತಿತ್ತು, ಆದರೂ ತಿನ್ನುತ್ತಿದ್ದರು. ಗುರುವಾರದ ಡೋನಟ್ ಅಂಗಡಿಗೆ ಹೋಗುವುದನ್ನು ಬಿಟ್ಟರು. ವೆಂಡೆಲ್ ಎರಡು ಸಲ ಫೋನ್ ಮಾಡಿ, ಹೆಂಡತಿ ಹೇಗಿದ್ದಾಳೆಂದು ಕೇಳಿದ. ಊರಿಗೆ ಹೋಗಿದ್ದಾಳೆ ಎಂದರು. ಯಾವಾಗ ಬರುತ್ತಾಳೆ ಎಂದು ಕೇಳಿದಾಗ, ಬಾಗಿಲು ಯಾರೋ ತಟ್ಟುತ್ತಿದ್ದಾರೆ ಎಂದು ಸುಳ್ಳು ಹೇಳಿ ಫೋನಿಟ್ಟರು.

ವಿಶಾಲಾಕ್ಷಿ ವಾರಕ್ಕೊಂದು ಸಲ ಮಾತಾಡುತ್ತಿದ್ದರು. ವಿಜಯಾ ತನಗೆ ಪೇಪರ್ ಓದಿ ಹೇಳುತ್ತಾಳೆ, ಸಂಜೆ ಇಬ್ಬರೂ ಪಾರ್ಕಿನವರೆಗೆ ಹೋಗಿಬರುತ್ತೇವೆ, ಸೊಪ್ಪು ಮಾರುವ ಕೆಳಗಿನ ಮನೆಯ ಜವರಮ್ಮ ದಿನಾ ಮನೆಗೇ ತಂದುಕೊಡುತ್ತಾಳೆ ಎನ್ನುತ್ತಿದ್ದರು. ದನಿ ಚೆನ್ನಾಗಿತ್ತು. ಯಾವಾಗ ಬರುತ್ತೀಯ ಎಂದು ಗೋವಿಂದರಾಜು ಕೇಳಲಿಲ್ಲ.

ಮೇ ತಿಂಗಳಲ್ಲಿ ಅವರು ಮೈತ್ರಿಯನ್ನು ಕರೆದು, "ನಾನೇ ಒಂದ್ಸಲ ಹೋಗಿ ಬರ್ತೀನಿ ಕಣಮ್ಮ, ವೀಸಾ ಹೇಗೆ ತಗೋಬೇಕು ನೋಡು," ಎಂದರು. ಹೆಂಡತಿ ಮಾಡಿಸಿಕೊಂಡ ಕಾರ್ಡನ್ನು ಅವರು ಮಾಡಿಸಿಕೊಂಡಿರಲಿಲ್ಲ. ಒಬ್ಬ ಮನುಷ್ಯನಿಗೆ ಒಂದೇ ದೇಶ ಎಂದು ಆಗ ಬೇಡವೆಂದಿದ್ದರು.

ಮೈತ್ರಿ ಅವರ ಪಕ್ಕ ಕೂತು ಕಂಪ್ಯೂಟರಿನಲ್ಲಿ ಒಂದೊಂದೇ ಪ್ರಶ್ನೆ ಓದಿ ತುಂಬುತ್ತ ಹೋದಳು. ಹುಟ್ಟಿದ ಊರು, ತಂದೆಯ ಹೆಸರು, ಹಿಂದಿನ ಪೌರತ್ವ. ಒಂದು ಕಡೆ ನಿಲ್ಲಿಸಿದಳು.

"ಇಂಡಿಯಾದಲ್ಲಿ ನಿಮ್ಮನ್ನ ಬಲ್ಲವರೊಬ್ಬರ ಹೆಸರು ಕೇಳ್ತಿದಾರೆ ಮಾವ. ಅಡ್ರೆಸ್, ಫೋನ್ ನಂಬರ್. ಅದಿಲ್ಲದೆ ಮುಂದಕ್ಕೆ ಹೋಗಲ್ಲ."

ಗೋವಿಂದರಾಜು ಪರದೆಯನ್ನೇ ನೋಡಿದರು. ಇಷ್ಟು ವರ್ಷದಲ್ಲಿ ಅಲ್ಲಿದ್ದ ಗೆಳೆಯರಲ್ಲಿ ಅರ್ಧ ಮಂದಿ ಇಲ್ಲವಾಗಿದ್ದರು, ಉಳಿದವರ ವಿಳಾಸ ಗೊತ್ತಿರಲಿಲ್ಲ.

"ವಿಜಯತ್ತೆದು ಹಾಕ್ಲಾ?" ಎಂದಳು ಮೈತ್ರಿ.

"ಕೇಳದೆ ಹಾಕಬೇಡ," ಎಂದರು. "ನಾನೇ ಕೇಳ್ತೀನಿ."

ಅರ್ಜಿ ವಾಪಸಾದಾಗಿನಿಂದ ಅವರು ತಂಗಿಯ ಜೊತೆ ಮಾತಾಡಿರಲಿಲ್ಲ. ಇಲ್ಲಿ ಸಂಜೆ, ಅಲ್ಲಿ ಬೆಳಗಾಗಿ ತುಂಬ ಹೊತ್ತಾಗಿತ್ತು. ಎರಡನೇ ರಿಂಗಿಗೇ ವಿಜಯಾ ಎತ್ತಿಕೊಂಡಳು.

"ಅಣ್ಣಾ! ಹೇಗಿದೀಯ? ಊಟ ಆಯ್ತಾ? ಏನು ಮಾಡ್ಕೊಂಡಿದ್ದೆ?"

"ಅನ್ನ, ಸಾರು," ಎಂದರು ಗೋವಿಂದರಾಜು. "ವಿಜೀ, ನಾನು ಅಲ್ಲಿಗೆ ಬರೋಣ ಅಂತಿದೀನಿ. ವೀಸಾಗೆ ಒಂದು ಹೆಸರು ಕೊಡಬೇಕು. ಇವನು ನಮಗೆ ಗೊತ್ತು ಅಂತ ಹೇಳೋಕೆ. ನಿನ್ನ ಹೆಸರು..."

"ಹಾಕ್ಕೋ ಅಣ್ಣ. ಅದನ್ನೂ ಕೇಳ್ತಾರಾ? ಅಡ್ರೆಸ್ ಬರ್ಕೋ, ಹೇಳ್ತೀನಿ." ಅವಳು ಮನೆಯ ನಂಬರು, ಅಡ್ಡರಸ್ತೆ, ಪಿನ್‌ಕೋಡು ಎಲ್ಲವನ್ನೂ, ಎಕ್ಸ್‌ಚೇಂಜಿನಲ್ಲಿ ಹೇಳುತ್ತಿದ್ದ ಹಾಗೆ, ನಿಧಾನವಾಗಿ ಎರಡು ಸಲ ಹೇಳಿದಳು. ಮೈತ್ರಿ ಟೈಪ್ ಮಾಡಿಕೊಂಡಳು.

"ಅಣ್ಣ, ಕೇಳಿಸ್ತಾ?"

"ಕೇಳಿಸ್ತು." ಆಮೇಲೆ ಕೇಳಿದರು, "ಅವಳಿದಾಳಾ? ಕೊಡ್ತೀಯ?"

ಫೋನಿನ ಆ ಕಡೆ ವಿಜಯಾ ಕೈ ಅಡ್ಡ ಹಿಡಿದ ಸದ್ದು. ಯಾರೋ ಏನೋ ಪಿಸುಗುಟ್ಟಿದ ಹಾಗಾಯಿತು. ಆಮೇಲೆ ಅವಳು ಮತ್ತೆ ಬಂದಳು.

"ಅತ್ತಿಗೆ ಮಲಗಿದಾರೆ ಅಣ್ಣ. ಎದ್ದ ಮೇಲೆ ಹೇಳ್ತೀನಿ."

ಅದೇ ಹೊತ್ತಿಗೆ ಹಿಂದೆ ಎಲ್ಲೋ ಅಡುಗೆಮನೆಯಲ್ಲಿ ವಿಶಾಲಾಕ್ಷಿ ಜವರಮ್ಮನ ಜೊತೆ ಸೊಪ್ಪಿನ ಚೌಕಾಸಿ ಮಾಡುತ್ತ ಜೋರಾಗಿ ನಕ್ಕಿದ್ದು ಗೋವಿಂದರಾಜುಗೆ ಸ್ಪಷ್ಟವಾಗಿ ಕೇಳಿಸಿತು. ಆ ನಗು ಕೇಳಿ ಎಷ್ಟೋ ಕಾಲವಾಗಿತ್ತು.

"ಮಲಗ್ಲಿ," ಎಂದರು ಅವರು. "ಎಬ್ಬಿಸಬೇಡ."